ದಾವಣಗೆರೆಯಲ್ಲಿ ಬಿ.ಎ. ಓದಿದರೆ ಕೈಗೆ ಏನು ಬರುತ್ತೆ? ಬಲ್ಲವರು ಬಿಡಿಸಿ ಹೇಳಿ

ಕೊಂಡಜ್ಜಿ ರೋಡ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಣ್ಣನ ಮಗಳು ದ್ವಿತೀಯ ಪಿಯುಸಿ ಕಲಾ ವಿಭಾಗ ಮುಗಿಸಿದ್ದಾಳೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಓದಿದವಳು. ಬಿ.ಎ. ಮಾಡ್ತೀನಿ ಅಂತಾಳೆ. ಮನೆಯಲ್ಲಿ ಒಬ್ಬರು ಬಿ.ಕಾಂ.ಗೆ ಹಾಕಿ ಅಂತಾರೆ, ಇನ್ನೊಬ್ಬರು ನರ್ಸಿಂಗ್ ಅಂತಾರೆ. "ಬಿ.ಎ. ಓದಿ ಏನು ಮಾಡ್ತಾಳೆ" ಅನ್ನೋ ಮಾತಿಗೆ ನಮ್ಮಲ್ಲಿ ಯಾರ ಹತ್ತಿರವೂ ಗಟ್ಟಿ ಉತ್ತರ ಇಲ್ಲ.

ಬಿ.ಎ. ಓದಿದರೆ ಮನಸ್ಸು ಅರಳುತ್ತೆ, ಸಮಾಜ ಅರ್ಥ ಆಗುತ್ತೆ ಅನ್ನೋದನ್ನ ತುಂಬ ಕೇಳಿದ್ದೀವಿ. ದಯವಿಟ್ಟು ಅದನ್ನ ಬಿಟ್ಟು ಹೇಳಿ. ಐ.ಟಿ.ಐ. ಮಾಡಿದ ಹುಡುಗ ಮೋಟಾರ್ ಬಿಚ್ಚಿ ಕಟ್ಟೋದು ಕಲೀತಾನೆ. ಬಿ.ಎ. ಮಾಡಿದವಳು ಏನು ಬಿಚ್ಚಿ ಕಟ್ಟೋದು ಕಲೀತಾಳೆ? ಅದನ್ನ ಮೂರು ವರ್ಷದಲ್ಲಿ ಹೇಗೆ ಕಲಿಯಬೇಕು? ಎಲ್ಲಿ ಎಡವುತ್ತಾರೆ? ಇಷ್ಟು ತಿಳಿದರೆ ಸಾಕು.

---

ಶಿಲಾಲೇಖ ಉತ್ತರಿಸಿದ್ದು:

ಕೊಂಡಜ್ಜಿ ರೋಡ್ ಅವರೇ, ಸರಿಯಾದ ಪ್ರಶ್ನೆ. ಇತಿಹಾಸದ ಮಟ್ಟಿಗೆ ಹೇಳ್ತೀನಿ. ಅಲ್ಲಿ ಬಿಚ್ಚಿ ಕಟ್ಟೋದು ಆಧಾರವನ್ನ. ಒಂದು ಬರಹ ಎದುರಿಗಿದ್ದಾಗ ಅದರಲ್ಲಿ ನಿಜವಾಗಿ ಏನಿದೆ, ಯಾರು ಯಾರಿಗೆ ಹೇಳಿದ್ದು, ಏನು ಹೇಳಿಲ್ಲ, ಯಾವುದು ಇನ್ನೂ ತೀರ್ಮಾನ ಆಗಿಲ್ಲ ಅಂತ ಬೇರೆ ಬೇರೆ ಮಾಡಿಡೋದು. ಇದಕ್ಕೆ ನಮ್ಮ ಸೀಮೆಯಲ್ಲೇ ಒಳ್ಳೆಯ ಪಾಠ ಇದೆ: ಮೊಳಕಾಲ್ಮೂರು ತಾಲ್ಲೂಕಿನ, ಅಶೋಕನದು ಅಂತ ಈಗ ಒಪ್ಪಿರುವ ಬ್ರಹ್ಮಗಿರಿ ಶಾಸನ. ಶಾಸನ ತಜ್ಞ ಬಿ.ಎಲ್. ರೈಸ್ 1892ರಲ್ಲಿ ಇದನ್ನು ಬೆಳಕಿಗೆ ತಂದರು. ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲೂ ಇದೇ ಬಗೆಯವು ಇವೆ.

ಮೊದಲು ಕಣ್ಣಿಗೆ ಕಾಣೋದನ್ನು ಮಾತ್ರ ಬರೆದುಕೊಳ್ಳಬೇಕು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ. ಅವನು ಲಿಪಿಕಾರ ಅಂತ ಹೇಳುವ ಪದ ಮಾತ್ರ ಖರೋಷ್ಠಿಯಲ್ಲಿದೆ, ಅಂದರೆ ವಾಯವ್ಯ ಭಾರತದಲ್ಲಿ ಬಲದಿಂದ ಎಡಕ್ಕೆ ಬರೆಯುತ್ತಿದ್ದ ಲಿಪಿಯಲ್ಲಿ. ಇಷ್ಟು ಸಂಗತಿ. "ಚಪಡ ವಾಯವ್ಯದಿಂದ ಬಂದವನು" ಅನ್ನೋದು ಊಹೆ. ಒಳ್ಳೆಯ ಊಹೆಯೇ, ಆದರೂ ಅದನ್ನು ಬೇರೆ ಸಾಲಿನಲ್ಲಿ "ಊಹೆ" ಅಂತ ಬರೆದೇ ಇಡಬೇಕು. ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಿಬಿಡೋದು ವಿದ್ಯಾರ್ಥಿಗಳ ಉತ್ತರಪತ್ರಿಕೆಯಲ್ಲಿ ಕಾಣುವ ದೊಡ್ಡ ದೋಷ. ಅದೇ ಅಭ್ಯಾಸ ಮುಂದೆ ವರದಿ ಬರೆಯುವಾಗಲೂ ಬಿಡೋದಿಲ್ಲ.

ಆಮೇಲೆ ಯಾರು, ಯಾರಿಗೆ. ಬ್ರಹ್ಮಗಿರಿಯದು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು) ಇಸಿಲ ಅನ್ನೋ ಊರಿನ ಮಹಾಮಾತ್ರರಿಗೆ ಆರೋಗ್ಯ ವಿಚಾರಿಸಿ ದಾಟಿಸಿದ ಆಜ್ಞೆ. ಅಂದರೆ ರಾಜ, ಪ್ರಾಂತ್ಯ, ಸ್ಥಳೀಯ ಅಧಿಕಾರಿ ಅಂತ ಕಡಿಮೆ ಅಂದರೂ ಮೂರು ಮೆಟ್ಟಿಲಿನ ಆಡಳಿತ ಇತ್ತು ಅನ್ನೋದು ಈ ಒಕ್ಕಣೆಯಿಂದಲೇ ಸಿಗುತ್ತೆ. ತಂದೆ ತಾಯಿಯ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆ ಇರಲಿ, ನಿಜ ಹೇಳಿ, ಶಿಷ್ಯ ಆಚಾರ್ಯನನ್ನು ಗೌರವಿಸಲಿ ಅನ್ನೋ ಉಪದೇಶ ಎಲ್ಲರಿಗೂ ನೆನಪಿರುತ್ತೆ. ಆದರೆ ಆಡಳಿತದ ಸುದ್ದಿ ಇರೋದು ಯಾರೂ ಗಮನಿಸದ ಮೊದಲ ಸಾಲಿನಲ್ಲಿ.

ಮೂರನೆಯದು ಮೌನ. ಈ ಶಾಸನದಲ್ಲಿ ಅಶೋಕ ಅನ್ನೋ ಹೆಸರು ಇಲ್ಲ. ದೇವಾನಾಂಪ್ರಿಯ (ದೇವತೆಗಳಿಗೆ ಪ್ರಿಯ) ಅನ್ನೋ ಬಿರುದಷ್ಟೇ ಇದೆ. ಹೆಸರಿನ ಸಮೇತ ಮೊದಲು ಸಿಕ್ಕಿದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ, ಗಣಿ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ. ಹಾಗಾಗಿ "ಬ್ರಹ್ಮಗಿರಿ ಶಾಸನದಿಂದ ಇದು ಅಶೋಕನದು ಎಂದು ತಿಳಿಯುತ್ತದೆ" ಅಂತ ಬರೆದರೆ ತಪ್ಪು. ಬ್ರಹ್ಮಗಿರಿಯ ಜೊತೆ ಮಸ್ಕಿಯಂಥ ಹೆಸರಿರುವ ಶಾಸನವನ್ನೂ ಇಟ್ಟು ಓದಿದಾಗ ಮಾತ್ರ ಹಾಗೆ ಹೇಳಬಹುದು. ಒಂದು ಕಾಗದ ಎಷ್ಟು ಭಾರ ಹೊರುತ್ತೆ, ಎಲ್ಲಿಂದ ಎರಡನೇ ಕಾಗದ ಬೇಕು ಅನ್ನೋ ಅಂದಾಜು ಬರೋದೇ ಇಲ್ಲಿ.

ನಾಲ್ಕನೆಯದು ತೀರ್ಮಾನ ಆಗದ್ದು. ಶಾಸನದಲ್ಲಿ 256 ಅನ್ನೋ ಸಂಖ್ಯೆ ಇದೆ. ಬುದ್ಧನ ನಿರ್ವಾಣದಿಂದ ಎಣಿಸಿದ ವರ್ಷ ಅಂತ ಕೆಲವರು, ಪ್ರವಾಸದಲ್ಲಿ ಕಳೆದ ರಾತ್ರಿಗಳ ಎಣಿಕೆ ಅಂತ ಕೆಲವರು ಓದಿದ್ದಾರೆ. ಎರಡೂ ಅಭಿಪ್ರಾಯ ಬರೆದು, ಯಾವುದಕ್ಕೆ ಯಾವ ಆಧಾರ ಅಂತ ತೂಗಬೇಕು. ಗೈಡ್ ಪುಸ್ತಕ ಒಂದನ್ನೇ ಹೇಳಿ ಮುಗಿಸಿದರೆ ಇಲ್ಲಿನ ಪಾಠವೇ ಕೈತಪ್ಪಿತು.

ದೊಡ್ಡ ವಿದ್ವಾಂಸರ ಲೆಕ್ಕವೂ ಬದಲಾಗುತ್ತೆ ಅನ್ನೋದಕ್ಕೂ ಅದೇ ಜಾಗ ಸಾಕು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆದು ಕಲ್ಲುಕೊಡಲಿ, ಬೃಹತ್ ಶಿಲಾ ಸಮಾಧಿ, ಆಂಧ್ರ ಅಂತ ಮೂರು ಸಂಸ್ಕೃತಿಗಳ ಪದರ ಗುರುತಿಸಿದರು. ಪದರಗಳ ಕ್ರಮ ನಿಂತಿತು. ಆದರೆ ಕಲ್ಲುಕೊಡಲಿ ಕಾಲಕ್ಕೆ ಅವರು ಕೊಟ್ಟ ಕ್ರಿ.ಪೂ. ಮೊದಲ ಸಹಸ್ರಮಾನದ ಕಾಲಮಾನ ನಿಲ್ಲಲಿಲ್ಲ. ರೇಡಿಯೋ ಕಾರ್ಬನ್ ಪರೀಕ್ಷೆ ಬಂದ ಮೇಲೆ ದಕ್ಷಿಣದ ನವಶಿಲಾಯುಗ ಸಾವಿರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಯಿತು. ಯಾವ ಭಾಗ ಉಳಿಯಿತು, ಯಾವ ಭಾಗ ಬಿತ್ತು, ಯಾಕೆ ಅಂತ ಹೇಳಬಲ್ಲ ವಿದ್ಯಾರ್ಥಿಗೆ ಇತಿಹಾಸ ಬಂತು ಅಂತ ಧೈರ್ಯವಾಗಿ ಹೇಳಬಹುದು.

ಇದು ಇವತ್ತಿನ ಬದುಕಿಗೆ ಎಲ್ಲಿ ತಾಗುತ್ತೆ? ವಾಟ್ಸ್‌ಆ್ಯಪ್‌ನಲ್ಲಿ "ಸರ್ಕಾರಿ ಆದೇಶ" ಅಂತ ಒಂದು ಫೋಟೊ ಬರುತ್ತೆ. ಆದೇಶದ ಸಂಖ್ಯೆ, ಸ್ಥಳ, ದಿನಾಂಕ ಇದೆಯಾ? "ಓದಲಾಗಿದೆ" ಅಂತ ಹಿಂದಿನ ಕಡತಗಳ ಪಟ್ಟಿ ಇದೆಯಾ? "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ" ಅನ್ನೋ ಒಕ್ಕಣೆಯ ಕೆಳಗೆ ಸಹಿ, ಹುದ್ದೆ ಇದೆಯಾ? ಅದು ಆದೇಶವಾ, ಸುತ್ತೋಲೆಯಾ, ಬರೀ ಸಭೆಯ ನಡವಳಿಯಾ? ಯಾವ ದಿನದಿಂದ ಜಾರಿ ಅಂತ ಬರೆದಿದೆಯಾ? ಬ್ರಹ್ಮಗಿರಿಗೆ ಕೇಳಿದ ಪ್ರಶ್ನೆಗಳೇ ಇವು.

ಅಭ್ಯಾಸ ಮಾಡೋ ಕ್ರಮ: ಹದಿನೈದು ದಿನಕ್ಕೆ ಒಂದು ಮೂಲ ಆಧಾರ, ಒಂದೇ ಪುಟ, ನಾಲ್ಕು ತಲೆಬರಹ: ಇರುವುದು, ಯಾರು ಯಾರಿಗೆ, ಇಲ್ಲದ್ದು, ತೀರ್ಮಾನವಾಗದ್ದು. ಶಾಸನಗಳನ್ನು ಅಚ್ಚು ಹಾಕಿದ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಆಗ ದಾವಣಗೆರೆ, ಹರಿಹರ ಅದೇ ಜಿಲ್ಲೆಯಲ್ಲಿ ಇದ್ದುದರಿಂದ ಅವುಗಳ ಶಾಸನವೂ ಅದರಲ್ಲೇ ಸಿಗುತ್ತೆ. ಹರಿಹರದ ಗುಡಿಯ ಶಾಸನಗಳಿಂದ ಶುರು ಮಾಡಿದರೆ ಸುಲಭ, ಭಾಷೆ ಹೆಚ್ಚಾಗಿ ಕನ್ನಡ ಆಗಿರೋದರಿಂದ ಅನುವಾದದ ಜೊತೆ ಮೂಲವನ್ನೂ ಹಿಡಿಯಬಹುದು.

---

ಲೆಕ್ಕದ ಹಾಳೆ ಉತ್ತರಿಸಿದ್ದು:

ಮೇಲಿನವರು ಬರಹ ಓದೋದನ್ನ ಹೇಳಿದರು, ನಾನು ಅಂಕಿ ಓದೋದನ್ನ ಹೇಳ್ತೀನಿ. ಅರ್ಥಶಾಸ್ತ್ರ, ಸಮಾಜಶಾಸ್ತ್ರ ತೆಗೆದುಕೊಂಡವರು ಇದನ್ನ ಕಲಿಯದೆ ಹೊರಗೆ ಬಂದರೆ ಅರ್ಧ ಪದವಿ ವ್ಯರ್ಥ.

ಒಂದು ಪರೀಕ್ಷೆ ಕೊಡ್ತೀನಿ. 2011ರ ಜನಗಣತಿಯಲ್ಲಿ ದಾವಣಗೆರೆ ಜಿಲ್ಲೆಯ ಜನಸಂಖ್ಯೆ 19,45,497. ಈ ಅಂಕಿಯನ್ನ ಇವತ್ತಿನ ದಾವಣಗೆರೆ ಜಿಲ್ಲೆಗೆ ಹಾಗೇ ಬಳಸಬಹುದಾ? ಬಳಸೋ ಹಾಗಿಲ್ಲ. ಅದರಲ್ಲಿ ಹರಪನಹಳ್ಳಿ ತಾಲ್ಲೂಕು ಸೇರಿದೆ. 1997ರಲ್ಲಿ ಜಿಲ್ಲೆ ಆದಾಗ ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ, ಬಳ್ಳಾರಿಯಿಂದ ಹರಪನಹಳ್ಳಿ ಬಂದವು. ಹರಪನಹಳ್ಳಿ 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಇದನ್ನು ನೋಡದೆ 2011ರ ಜಿಲ್ಲಾ ಮೊತ್ತವನ್ನು ಮುಂದಿನ ಗಣತಿಯ ಜಿಲ್ಲಾ ಮೊತ್ತದ ಪಕ್ಕ ಇಟ್ಟರೆ "ದಾವಣಗೆರೆಯಲ್ಲಿ ಜನ ಕಡಿಮೆ ಆದರು" ಅನ್ನೋ ಸುಳ್ಳು ಸುದ್ದಿ ಹುಟ್ಟುತ್ತೆ. ಹಾಗೇ 1991ರ "ಚಿತ್ರದುರ್ಗ ಜಿಲ್ಲೆ"ಯನ್ನ 2001ರ ಚಿತ್ರದುರ್ಗದ ಜೊತೆ ಹೋಲಿಸೋದೂ ತಪ್ಪು. ದಾರಿ ಒಂದೇ: ಜಿಲ್ಲೆಯ ಮೊತ್ತ ಬಿಟ್ಟು ತಾಲ್ಲೂಕು ಕೋಷ್ಟಕಕ್ಕೆ ಇಳಿಯಬೇಕು, ಎರಡೂ ವರ್ಷಕ್ಕೂ ಒಂದೇ ತಾಲ್ಲೂಕುಗಳನ್ನು ಕೂಡಬೇಕು. ಹೊಸ ತಾಲ್ಲೂಕು ಆದ ಕಡೆ, ಉದಾಹರಣೆಗೆ ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿ, ಗ್ರಾಮ ಕೋಷ್ಟಕಕ್ಕೇ ಇಳಿಯಬೇಕು. ಕಂಪ್ಯೂಟರ್ ಕೂಡಿಸಿ ಕೊಡುತ್ತೆ, ಆದರೆ ಗಡಿ ಬದಲಾಗಿದೆ ಅನ್ನೋ ಅನುಮಾನ ಓದಿದ ಮನುಷ್ಯನಿಗೇ ಬರಬೇಕು.

ಇನ್ನು ಸ್ವಂತ ಸರ್ವೆ. ಮಂಡಕ್ಕಿ ಭಟ್ಟಿ ಕೆಲಸಗಾರರ 300 ಮನೆ ಇರುವ ಒಂದು ಬಡಾವಣೆ ಅಂತ ಇಟ್ಟುಕೊಳ್ಳಿ. ಒಬ್ಬ ವಿದ್ಯಾರ್ಥಿನಿ 60 ಮನೆ ಮಾಡಬಲ್ಲಳು. ಮೊದಲು ಎಲ್ಲ ಮನೆಯ ಪಟ್ಟಿ. 300ನ್ನು 60ರಿಂದ ಭಾಗಿಸಿದರೆ 5. ಒಂದರಿಂದ ಐದರೊಳಗೆ ಚೀಟಿ ಎತ್ತಿ, ಬಂದ ಸಂಖ್ಯೆಯ ಮನೆಯಿಂದ ಶುರು ಮಾಡಿ, ಪ್ರತಿ ಐದನೇ ಮನೆ. ಚೀಟಿಯಲ್ಲಿ 3 ಬಂದರೆ 3, 8, 13, 18 ಹೀಗೆ. ರಸ್ತೆ ಬದಿಯ, ಪರಿಚಯದ, ಬಾಗಿಲು ತೆರೆದ ಮನೆಗಳಿಗೆ ಮಾತ್ರ ಹೋದರೆ ಅದು ಸರ್ವೆ ಅಲ್ಲ.

ಕೆಡೋದು ಮುಖ್ಯವಾಗಿ ಮೂರು ಕಡೆ. ಹಗಲು ಹನ್ನೊಂದಕ್ಕೆ ಹೋದರೆ ದುಡಿಯೋರು ಸಿಗೋದಿಲ್ಲ, ಮನೆಯಲ್ಲಿರುವ ವಯಸ್ಸಾದವರ ಉತ್ತರವೇ ತುಂಬಿಕೊಳ್ಳುತ್ತೆ. ಬೀಗ ಹಾಕಿದ ಮನೆಗೆ ಪಕ್ಕದ ಮನೆ ಹಿಡಿಯಬಾರದು, ಬೇರೆ ಹೊತ್ತಿನಲ್ಲಿ ಕಡೇಪಕ್ಷ ಎರಡು ಸಲ ಮತ್ತೆ ಹೋಗಬೇಕು. ಎರಡನೆಯದು ಪ್ರಶ್ನೆ. "ತಿಂಗಳಿಗೆ ಎಷ್ಟು ಆದಾಯ" ಅಂತ ಕೇಳಿದರೆ ಒಂದು ದುಂಡು ಅಂಕಿ ಬರುತ್ತೆ. "ಕಳೆದ ಏಳು ದಿನದಲ್ಲಿ ಎಷ್ಟು ದಿನ ಕೆಲಸ ಸಿಕ್ಕಿತು, ಕೂಲಿ ದಿನದ ಲೆಕ್ಕವಾ, ಮೂಟೆ ಲೆಕ್ಕವಾ, ಮುಂಗಡ ಹಿಡಿದುಕೊಂಡರಾ" ಅಂತ ಒಡೆದು ಕೇಳಬೇಕು. ಖರ್ಚಿಗೂ ಹಾಗೇ: ತರಕಾರಿ, ಹಾಲಿಗೆ ಏಳು ದಿನದ ನೆನಪು, ಬಟ್ಟೆ, ಪಾತ್ರೆ, ಟಿ.ವಿ.ಗೆ ವರ್ಷದ ನೆನಪು. ಕೇಂದ್ರ ಸರ್ಕಾರದ ಕುಟುಂಬ ವೆಚ್ಚ ಸಮೀಕ್ಷೆಯೂ ವಸ್ತು ನೋಡಿ ಅವಧಿ ಬದಲಿಸುತ್ತೆ. ಮೂರನೆಯದು ಸರಾಸರಿ. ಒಂಬತ್ತು ಮನೆಗೆ ತಿಂಗಳಿಗೆ 12,000, ಹತ್ತನೇ ಮನೆಗೆ 1,20,000 ಇದ್ದರೆ ಸರಾಸರಿ 22,800 ಆಗುತ್ತೆ. ಆ ಹತ್ತು ಮನೆಯಲ್ಲಿ ಒಂದಕ್ಕೂ ಅಷ್ಟು ಆದಾಯ ಇಲ್ಲ. ಮಧ್ಯಾಂಕ (ಆದಾಯಗಳನ್ನು ಸಾಲಾಗಿ ಇಟ್ಟಾಗ ನಡುವೆ ಬರೋ ಅಂಕಿ) 12,000, ಅದೇ ಅಲ್ಲಿನ ಬದುಕಿಗೆ ಹತ್ತಿರ. ವರದಿಯಲ್ಲಿ ಎರಡನ್ನೂ ಬರೆಯಬೇಕು.

ಕೊನೆಗೆ ಎಷ್ಟು ನಂಬಬಹುದು ಅನ್ನೋದು. 300ರಲ್ಲಿ 60 ಮನೆ ನೋಡಿ ಅರ್ಧದಷ್ಟು ಮನೆಗೆ ಸಾಲ ಇದೆ ಅಂತ ಬಂದರೆ, ನಿಜವಾದ ಪ್ರಮಾಣ ಹೆಚ್ಚುಕಡಿಮೆ ಶೇ 39ರಿಂದ 61ರ ನಡುವೆ ಇದೆ ಅಂತ ಅರ್ಥ. "ಶೇ 50 ಕುಟುಂಬಗಳು ಸಾಲದಲ್ಲಿ" ಅಂತ ತಲೆಬರಹ ಹಾಕಿ ಮುಗಿಸೋರನ್ನ ಈ ಅಂತರ ಎಷ್ಟು ಅಂತ ಕೇಳಬೇಕು. ಹಾಗೆ ಕೇಳೋಕೆ ಬರೋ ಒಬ್ಬರಾದರೂ ಪ್ರತಿ ಗ್ರಾಮಸಭೆಯಲ್ಲಿ ಇರಬೇಕು ಅನ್ನೋದು ನನ್ನ ಗಟ್ಟಿ ನಂಬಿಕೆ.

---

ಕೊಂಡಜ್ಜಿ ರೋಡ್:

ತುಂಬ ಉಪಕಾರ ಸರ್ ಇಬ್ಬರಿಗೂ. ಈಗ ಅರ್ಥ ಆಯ್ತು. ಎರಡು ಅನುಮಾನ. ಒಂದು, ಪರೀಕ್ಷೆಗೆ ಗೈಡ್ ಓದಿದರೂ ಪಾಸಾಗುತ್ತಲ್ಲ, ಇದೆಲ್ಲ ಮಾಡೋಕೆ ಹೊತ್ತು ಎಲ್ಲಿ? ಎರಡು, ಬರವಣಿಗೆ ಬಗ್ಗೆ ಯಾರಾದರೂ ಹೇಳಿ. ಹುಡುಗಿ ಚೆನ್ನಾಗಿ ಓದ್ತಾಳೆ, ಬರೆಯೋಕೆ ಕೂತರೆ ಎಲ್ಲ ಕಲಸಿಹೋಗುತ್ತೆ.

---

ಕಡತ ಉತ್ತರಿಸಿದ್ದು:

ಮೊದಲನೆಯದಕ್ಕೆ ಚುಟುಕಾಗಿ: ಗೈಡ್ ಬೇಕಾದರೆ ಪರೀಕ್ಷೆಯ ಮುಂಚಿನ ಮೂರು ವಾರಕ್ಕೆ ಇಟ್ಟುಕೊಳ್ಳಲಿ. ಉಳಿದ ಸೆಮಿಸ್ಟರ್ ಪಠ್ಯಕ್ರಮದಲ್ಲಿ ಹೆಸರಿಸಿದ ಮೂಲ ಪುಸ್ತಕ, ವಾರಕ್ಕೆ ಒಂದು ಅಧ್ಯಾಯ. ಗೈಡ್‌ನಲ್ಲಿ ಉತ್ತರ ಇರುತ್ತೆ, ಆ ಉತ್ತರಕ್ಕೆ ಹೇಗೆ ಬಂದರು ಅನ್ನೋದು ಇರೋದಿಲ್ಲ.

ಬರವಣಿಗೆಗೆ ಬರ್ತೀನಿ. ಯುರೋಪಿನಲ್ಲಿ ಲಿಬರಲ್ ಆರ್ಟ್ಸ್ ಅಂತ ಹಳೆಯ ಕಾಲದಲ್ಲಿ ಏಳು ವಿದ್ಯೆ ಎಣಿಸುತ್ತಿದ್ದರು: ವ್ಯಾಕರಣ, ತರ್ಕ, ಭಾಷಣಕಲೆ ಮೊದಲ ಮೂರು, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ ಆಮೇಲಿನ ನಾಲ್ಕು. ಮೊದಲ ಮೂರನ್ನ ಮೊದಲೇ ಕಲಿಸುತ್ತಿದ್ದುದಕ್ಕೆ ಕಾರಣ ಇತ್ತು. ಮಾತನ್ನು ನೆಟ್ಟಗೆ ಕಟ್ಟೋಕೆ, ಕಾರಣ ಕೊಡೋಕೆ, ಎದುರಿನವರಿಗೆ ಮುಟ್ಟಿಸೋಕೆ ಬಾರದಿದ್ದರೆ ಉಳಿದದ್ದು ಬಾಯಿಗೇ ಬರೋದಿಲ್ಲ. ಈ ಮೂರನ್ನೂ ಒಂದೇ ಸಲ ಪರೀಕ್ಷೆ ಮಾಡೋ ಬರಹ ಯಾವುದು ಅಂದರೆ ಮಾಹಿತಿ ಹಕ್ಕು ಅರ್ಜಿ. ತಮಾಷೆಗೆ ಹೇಳ್ತಿಲ್ಲ, ಬಿ.ಎ. ಮೊದಲ ವರ್ಷದವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

2005ರ ಕಾಯ್ದೆ, ಅರ್ಜಿ 6(1)ನೇ ಪ್ರಕರಣದಡಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. ಈ 150 ಪದವೇ ಗುರು. ಸಾಮಾನ್ಯವಾಗಿ ಜನ ಹೀಗೆ ಬರೀತಾರೆ: "ನಮ್ಮ ಬಡಾವಣೆಯ ರಸ್ತೆ ಯಾಕೆ ಕೆಟ್ಟಿದೆ? ಯಾರು ಹೊಣೆ? ಯಾವಾಗ ಸರಿ ಮಾಡುತ್ತೀರಿ?" ಇದಕ್ಕೆ ಉತ್ತರ ಬರೋದಿಲ್ಲ, ಬರಬೇಕಾಗಿಯೂ ಇಲ್ಲ. ಕಾಯ್ದೆ ಕೊಡಿಸೋದು ಕಚೇರಿಯಲ್ಲಿ ದಾಖಲೆ ರೂಪದಲ್ಲಿ ಇರುವ ಮಾಹಿತಿಯನ್ನ. ಅಧಿಕಾರಿಯ ಅಭಿಪ್ರಾಯ, ಸಮರ್ಥನೆ, ಭರವಸೆ ಅದರಲ್ಲಿ ಬರೋದಿಲ್ಲ. ಅದೇ ಸಿಟ್ಟನ್ನ ಹೀಗೆ ಬರೆಯಬೇಕು: "ಇಂಥ ವಾರ್ಡಿನ ಇಂಥ ರಸ್ತೆಗೆ ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಕೈಗೊಂಡ ಡಾಂಬರು ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು ಮತ್ತು ಪಾವತಿಯಾದ ಬಿಲ್ಲುಗಳ ದೃಢೀಕೃತ ನಕಲು ಒದಗಿಸಿ." ಇದರಲ್ಲಿ "ಯಾಕೆ" ಅನ್ನೋ ಪದವೇ ಇಲ್ಲ. ಆದರೆ ನಾಲ್ಕು ಕಾಗದ ಕೈಗೆ ಬಂದ ದಿನ ಯಾಕೆ ಅನ್ನೋದು ತಾನೇ ಗೊತ್ತಾಗುತ್ತೆ: ಅಂದಾಜು ಪಟ್ಟಿಯ ದಪ್ಪ ಎಷ್ಟು, ಅಳತೆ ಪುಸ್ತಕದ ದಪ್ಪ ಎಷ್ಟು, ಬಿಲ್ ಯಾವುದಕ್ಕೆ ಆಗಿದೆ.

ಗಡುವು ನೆನಪಿರಲಿ. 30 ದಿನದಲ್ಲಿ ಉತ್ತರ ಬರಬೇಕು. ತಪ್ಪಾದ ಕಚೇರಿಗೆ ಹೋಗಿದ್ದರೆ ಅವರು 6(3)ರ ಪ್ರಕಾರ ಐದು ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸಬೇಕು. ಉತ್ತರ ಬಾರದಿದ್ದರೆ ಅಥವಾ ಸಮಾಧಾನ ಆಗದಿದ್ದರೆ 30 ದಿನದಲ್ಲಿ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದಲ್ಲಿ ಮಾಹಿತಿ ಆಯೋಗಕ್ಕೆ. ಮೇಲ್ಮನವಿಯಲ್ಲಿ ದಿನಾಂಕಗಳನ್ನು ಸಾಲಾಗಿ ಬರೆದು, ಯಾವ ಅಂಶಕ್ಕೆ ಉತ್ತರ ಬಂದಿಲ್ಲ ಅಂತ ಅಂಶದ ಸಂಖ್ಯೆ ಸಮೇತ ಹೇಳಬೇಕು. ಬೈಗುಳ ಒಂದೂ ಬೇಡ.

ಇದನ್ನು ಬರೆಯಬಲ್ಲವಳು ಬ್ಯಾಂಕಿಗೆ ದೂರು, ಪತ್ರಿಕೆಗೆ ವರದಿ, ಸಂಸ್ಥೆಗೆ ಯೋಜನಾ ಪ್ರಸ್ತಾವ ಎಲ್ಲ ಬರೀತಾಳೆ. ತಿದ್ದೋ ಕ್ರಮ: ಮೊದಲ ಕರಡು ಮನಸ್ಸಿಗೆ ಬಂದ ಹಾಗೆ. ಎರಡನೇ ಓದಿನಲ್ಲಿ ಪ್ರತಿ ವಾಕ್ಯದ ಎದುರು ಅದು ಸಂಗತಿಯಾ, ಬೇಡಿಕೆಯಾ, ಭಾವನೆಯಾ ಅಂತ ಗುರುತು. ಮೂರನೇ ಸಲ ಭಾವನೆಯ ಸಾಲು ತೆಗೆದು, ಸಂಗತಿ ಮೇಲೆ, ಬೇಡಿಕೆ ಕೆಳಗೆ. ಆಮೇಲೆ ಇನ್ನೊಬ್ಬರ ಕೈಗೆ ಕೊಟ್ಟು "ನಾನು ಏನು ಕೇಳಿದ್ದೀನಿ ಹೇಳು" ಅನ್ನಬೇಕು. ಅವರು ತಡವರಿಸಿದ ಜಾಗವೇ ಕಲಸಿದ ಜಾಗ.

---

ಹೊಂಡದ ಸರ್ಕಲ್ ಉತ್ತರಿಸಿದ್ದು:

ಮೇಲಿನ ಮೂವರೂ ಹೇಳಿದ್ದು ಸರಿ. ಆದರೆ ಅದು ಚೆನ್ನಾಗಿ ನಡೆದ ಬಿ.ಎ.ಯ ಚಿತ್ರ. ಹುಡುಗಿಯ ಮನೆಯವರಿಗೆ ಇನ್ನೊಂದು ಮಗ್ಗುಲೂ ತಿಳಿದಿರಬೇಕು.

ಬರೀ ಬಿ.ಎ. ಪ್ರಮಾಣಪತ್ರಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ. ನಮ್ಮ ಕಡೆ ಬಿ.ಎ. ಸೇರೋರಲ್ಲಿ ತುಂಬ ಜನ ಕೆ.ಎ.ಎಸ್., ಪಿ.ಎಸ್.ಐ., ಎಫ್.ಡಿ.ಎ. ಅಂತ ಗುರಿ ಇಟ್ಟು, ಪದವಿಯನ್ನು ಕೋಚಿಂಗ್‌ಗೆ ನೆಪ ಮಾಡಿಕೊಳ್ತಾರೆ. ಮೊದಲ ವರ್ಷದಿಂದಲೇ ಸಾಮಾನ್ಯ ಜ್ಞಾನದ ಒಂದು ಸಾಲಿನ ಪ್ರಶ್ನೋತ್ತರ ಬಾಯಿಪಾಠ. ಅದು ಪೂರ್ವಭಾವಿಗೆ ಒಂದಿಷ್ಟು ನೆರವಾಗಬಹುದು. ಆದರೆ ಉದಾಹರಣೆಗೆ ಐ.ಎ.ಎಸ್.ಗೆ ಬರೆಯೋ ಯು.ಪಿ.ಎಸ್.ಸಿ. ಮುಖ್ಯ ಪರೀಕ್ಷೆಯಲ್ಲಿ ಲೆಕ್ಕಕ್ಕೆ ಬರೋ 1750 ಅಂಕವೂ ಬರವಣಿಗೆಯದು: ಪ್ರಬಂಧ 250, ಸಾಮಾನ್ಯ ಅಧ್ಯಯನ ನಾಲ್ಕು ಪತ್ರಿಕೆ ಸೇರಿ 1000, ಐಚ್ಛಿಕ ವಿಷಯ 500. ಸಂದರ್ಶನ 275. ಪೂರ್ವಭಾವಿಯ ಒಂದು ಅಂಕವೂ ಅಂತಿಮ ಪಟ್ಟಿಗೆ ಸೇರೋದಿಲ್ಲ. ಅಂದರೆ ತರಗತಿ ಬಿಟ್ಟು ಕೋಚಿಂಗ್‌ಗೆ ಓಡೋರು ಯಾವ ಕೌಶಲಕ್ಕೆ ಅಂಕ ಇದೆಯೋ ಅದನ್ನೇ ಬಿಟ್ಟು ಓಡ್ತಾರೆ.

ಇಂಗ್ಲಿಷ್ ವಿಷಯ. ಮುಖ್ಯ ಪರೀಕ್ಷೆ ಕನ್ನಡದಲ್ಲಿ ಬರೆಯಬಹುದು, ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ತೆಗೆದುಕೊಳ್ಳಬಹುದು. ಆದರೂ 300 ಅಂಕದ ಇಂಗ್ಲಿಷ್ ಅರ್ಹತಾ ಪತ್ರಿಕೆಯಲ್ಲಿ ಶೇ 25 ಬಾರದಿದ್ದರೆ ಉಳಿದ ಪತ್ರಿಕೆ ಎಣಿಸೋದೇ ಇಲ್ಲ. ಉನ್ನತ ಓದಿನ ಪುಸ್ತಕ, ಸಂಶೋಧನಾ ಲೇಖನ ಬಹುಪಾಲು ಇಂಗ್ಲಿಷಿನಲ್ಲೇ ಇವೆ. ಮಾತಾಡೋ ಇಂಗ್ಲಿಷ್ ತರಗತಿಗೆ ದುಡ್ಡು ಸುರಿಯೋ ಮೊದಲು ಓದೋ ಇಂಗ್ಲಿಷ್ ಗಟ್ಟಿಯಾಗಲಿ. ದಿನಕ್ಕೆ ಒಂದು ಸಂಪಾದಕೀಯ, ಐದು ಸಾಲಿನ ಕನ್ನಡ ಸಾರಾಂಶ. ಆ ಸಾರಾಂಶವನ್ನು ಮೂಲ ನೋಡದೆ ಮತ್ತೆ ಇಂಗ್ಲಿಷಿಗೆ ತಂದು, ಮೂಲದ ಪಕ್ಕ ಇಟ್ಟು ಹೋಲಿಸೋದು. ವ್ಯಾಕರಣದ ತಪ್ಪು ಅವಳಿಗೇ ಕಾಣುತ್ತೆ.

ಕಂಪ್ಯೂಟರ್‌ನಲ್ಲಿ ಮೂರು ಸಾಕು: ಯೂನಿಕೋಡ್ ಕನ್ನಡ ಟೈಪಿಂಗ್, ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್‌ವರೆಗೆ, ಭೂಗೋಳ ತೆಗೆದುಕೊಂಡರೆ ಕ್ಯೂಜಿಐಎಸ್. ಕ್ಯೂಜಿಐಎಸ್ ನಕ್ಷೆ ಮಾಡೋ ಉಚಿತ ತಂತ್ರಾಂಶ. ಲೆಕ್ಕದ ಹಾಳೆಯವರು ಹೇಳಿದ ತಾಲ್ಲೂಕು ಅಂಕಿಗಳನ್ನ ನಕ್ಷೆಯ ಮೇಲೆ ಕೂರಿಸೋಕೆ ಬಂದರೆ ಸಮೀಕ್ಷೆ ಮಾಡೋ ಸಂಸ್ಥೆಗಳು ಅಂಥವರನ್ನು ಹುಡುಕ್ತವೆ.

ಪರೀಕ್ಷೆ ಬರೆಯೋದಾದರೆ ಮೊದಲೇ ಗಡಿ ಹಾಕಿಕೊಳ್ಳಿ. ಪದವಿ ಆದ ಮೇಲೆ ಎರಡು ವರ್ಷ, ಅದರ ಜೊತೆಗೇ ಒಂದು ಎರಡನೇ ದಾರಿ: ಬಿ.ಇಡಿ. ಎರಡು ವರ್ಷ, ಅಥವಾ ಮೂರು ವರ್ಷದ ಎಲ್.ಎಲ್.ಬಿ., ಅಥವಾ ಎಂ.ಎ., ಎಂ.ಎಸ್.ಡಬ್ಲ್ಯು. ಎಲ್.ಎಲ್.ಬಿ.ಗೆ ಯಾವ ಪದವಿಯಾದರೂ ಆದೀತು, ಸಾಮಾನ್ಯ ವರ್ಗಕ್ಕೆ ಶೇ 45 ಬೇಕು. "ಇನ್ನೊಂದು ಅಧಿಸೂಚನೆ ಬರಲಿ" ಅಂತ ಕಾಯೋದರಲ್ಲಿ ವರ್ಷಗಳು ಸೋರಿಹೋಗೋದನ್ನ ಈ ಊರಿನ ಯಾವ ಗ್ರಂಥಾಲಯದಲ್ಲಿ ಕೂತರೂ ಕಾಣಬಹುದು. ಆ ಮಕ್ಕಳ ತಪ್ಪು ಅಲ್ಲ ಅದು, ಹೇಳೋರು ಇರಲಿಲ್ಲ.

---

ಹೇತು ಉತ್ತರಿಸಿದ್ದು:

ತರ್ಕದ ಬಗ್ಗೆ ಒಂದೇ ಮಾತು ಸೇರಿಸ್ತೀನಿ. ನಮ್ಮ ನ್ಯಾಯದರ್ಶನದ ಐದು ಅವಯವ ಇವತ್ತಿಗೂ ಸವೆದಿಲ್ಲ: ಪ್ರತಿಜ್ಞೆ (ಹೇಳಿಕೆ), ಹೇತು (ಕಾರಣ), ಉದಾಹರಣೆ, ಉಪನಯ (ಅದನ್ನ ಇಲ್ಲಿಗೆ ಹಚ್ಚೋದು), ನಿಗಮನ (ತೀರ್ಮಾನ). ಬೆಟ್ಟದಲ್ಲಿ ಬೆಂಕಿ ಇದೆ, ಹೊಗೆ ಇರುವುದರಿಂದ, ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯ ಹಾಗೆ, ಈ ಬೆಟ್ಟದಲ್ಲೂ ಅಂಥ ಹೊಗೆ ಇದೆ, ಆದ್ದರಿಂದ ಬೆಂಕಿ ಇದೆ. ಜೀವ ಇರೋದು "ಎಲ್ಲಿ ಇದೋ ಅಲ್ಲಿ ಅದು" ಅನ್ನೋ ವ್ಯಾಪ್ತಿಯಲ್ಲಿ.

ನಮ್ಮ ಕಡೆಯ ಮಾತಿಗೆ ಹಚ್ಚಿ ನೋಡಿ. "ಭದ್ರಾ ಜಲಾಶಯ 186 ಅಡಿ ತುಂಬಿದೆ, ಆದ್ದರಿಂದ ಈ ಸಲ ಹರಿಹರದ ಕೊನೆ ಭಾಗದ ಗದ್ದೆಗೂ ನೀರು ಬರುತ್ತೆ." ಹೇತು ನಿಜ. ವ್ಯಾಪ್ತಿ ನಿಲ್ಲೋದಿಲ್ಲ. ಜಲಾಶಯ ತುಂಬಿದಾಗಲೆಲ್ಲ ಕೊನೆ ಭಾಗಕ್ಕೆ ನೀರು ಬಂದಿಲ್ಲ. ನಡುವೆ ನಾಲೆಯ ಹೂಳು, ಮೇಲ್ಭಾಗದ ಅಕ್ರಮ ಪಂಪ್‌ಸೆಟ್, ನೀರು ಬಿಡೋ ಸರದಿ ಇವೆ. ಹೇತು ನಿಜ ಆಗಿದ್ದರೂ ತೀರ್ಮಾನ ಸುಳ್ಳಾಗಬಹುದು ಅನ್ನೋದು ಅರ್ಥವಾದ ಹುಡುಗಿಯನ್ನ ಜಾಹೀರಾತಿನವರು, ಚಿಟ್ ಫಂಡ್‌ನವರು, ಭಾಷಣದವರು ಸುಲಭವಾಗಿ ಒಪ್ಪಿಸಲಾರರು. ದಿನಪತ್ರಿಕೆಯ ಒಂದು ಹೇಳಿಕೆ ತೆಗೆದುಕೊಂಡು ವಾರಕ್ಕೊಮ್ಮೆ ಐದು ಸಾಲಲ್ಲಿ ಬಿಡಿಸಲಿ, ಮೂರನೇ ಸಾಲಿಗೆ ಎದುರು ಉದಾಹರಣೆ ಹುಡುಕಲಿ.

---

ಶಿಲಾಲೇಖ:

ಇನ್ನೊಂದು ಸೇರಿಸಬೇಕು. ಈಗ ಮಕ್ಕಳು ಎ.ಐ. ಹತ್ತಿರ ಪ್ರಬಂಧ ಬರೆಸ್ತಾರೆ. ಬಳಸಬೇಡಿ ಅಂತ ನಾನು ಹೇಳೋದಿಲ್ಲ. ಆದರೆ ಅದು ಕೊಟ್ಟ ಪ್ರತಿ ಇಸವಿ, ಹೆಸರು, ಉಲ್ಲೇಖದ ಕೆಳಗೆ ಗೆರೆ ಎಳೆದು, ಮೂಲ ಪುಸ್ತಕ ತೆರೆದು ಪುಟ ಸಂಖ್ಯೆ ಬರೆಯಬೇಕು. ಪುಟ ಸಿಗದ ಸಾಲು ಹೊಡೆದುಹಾಕಬೇಕು. ಯಂತ್ರ ಇಲ್ಲದ ಪುಸ್ತಕದ ಹೆಸರನ್ನೂ ಇರುವಂತೆಯೇ ಬರೆದುಬಿಡುತ್ತೆ, ವಾಕ್ಯ ಅಷ್ಟು ನಯವಾಗಿ ಇರೋದರಿಂದ ಅನುಮಾನವೇ ಬರೋದಿಲ್ಲ. ಆಧಾರ ತೂಗೋಕೆ ಬರೋರಿಗೆ ಅದು ಒಳ್ಳೆಯ ಸಹಾಯಕ, ಬಾರದವರಿಗೆ ಅಪಾಯ.

---

ಕೊಂಡಜ್ಜಿ ರೋಡ್:

ಹೊಂಡದ ಸರ್ಕಲ್ ಅಣ್ಣ, ನೇರವಾಗಿ ಹೇಳಿದ್ದಕ್ಕೆ ಧನ್ಯವಾದ. ಬಿ.ಎ.ಗೇ ಹಾಕೋದು ಅಂತ ಮನೆಯಲ್ಲಿ ಒಪ್ಪಿದರು. ಕಾಲೇಜು ಮತ್ತೆ ವಿಷಯ ಹೇಗೆ ಆರಿಸಬೇಕು ಅಂತ ಹೇಳಿದರೆ ಅರ್ಜಿ ಹಾಕ್ತೀವಿ.

---

ಕಡತ:

ಅರ್ಜಿ ಯುಯುಸಿಎಂಎಸ್ ಅನ್ನೋ ರಾಜ್ಯದ ಪದವಿ ಪ್ರವೇಶದ ಜಾಲತಾಣದಲ್ಲಿ ಹಾಕೋದು. 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷ, ಆರು ಸೆಮಿಸ್ಟರ್‌ನ ಪದವಿ. ಮೂರು ವಿಷಯದ ಸಂಯೋಜನೆ ಆರಿಸಬೇಕು. ಸಲಹೆ: ಓದುವ ವಿಷಯ ಒಂದು (ಇತಿಹಾಸ ಅಥವಾ ರಾಜ್ಯಶಾಸ್ತ್ರ), ಎಣಿಸುವ ವಿಷಯ ಒಂದು (ಅರ್ಥಶಾಸ್ತ್ರ ಅಥವಾ ಭೂಗೋಳ), ಮೂರನೆಯದು ಅವಳ ಇಷ್ಟದ್ದು. ಮೂರೂ ಒಂದೇ ಬಗೆಯವು ಬೇಡ. ಮುಂದೆ ಎಂ.ಎ. ಮಾಡೋ ಆಸೆ ಇರುವ ವಿಷಯ ಆ ಮೂರರಲ್ಲಿ ಇರಲೇಬೇಕು, ಸಾಮಾನ್ಯವಾಗಿ ಪದವಿಯಲ್ಲಿ ಓದಿದ ವಿಷಯಕ್ಕೇ ಸೀಟು ಕೊಡೋದು. ಶಿಕ್ಷಕಿ ಆಗೋ ಯೋಚನೆ ಇದ್ದರೆ ಹಿಂದಿನ ನೇಮಕಾತಿ ಅಧಿಸೂಚನೆಯಲ್ಲಿ ಯಾವ ಸಂಯೋಜನೆ ಕೇಳಿದ್ದರು ಅಂತ ಈಗಲೇ ತೆಗೆದು ನೋಡಿ. ಬಿ.ಇಡಿ. ಮುಗಿದ ಮೇಲೆ ವಿಷಯ ಹೊಂದೋದಿಲ್ಲ ಅಂತ ಅರ್ಜಿ ತಿರಸ್ಕಾರ ಆದರೆ ಮಾಡೋಕೆ ಏನೂ ಇರೋದಿಲ್ಲ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜಾಗಲಿ, ಖಾಸಗಿಯಾಗಲಿ, ಹಣ ಕಟ್ಟೋ ಮೊದಲು ಹೋಗಿ ಇಷ್ಟು ಕೇಳಿ. ಈ ಮೂರು ವಿಷಯಕ್ಕೂ ಕಾಯಂ ಉಪನ್ಯಾಸಕರು ಇದ್ದಾರಾ, ಅತಿಥಿ ಉಪನ್ಯಾಸಕರಾದರೆ ತರಗತಿ ಶುರುವಾಗೋ ಹೊತ್ತಿಗೆ ಬಂದಿರ್ತಾರಾ? ಗ್ರಂಥಾಲಯ ಎಷ್ಟು ಗಂಟೆವರೆಗೆ ತೆರೆದಿರುತ್ತೆ, ವಿದ್ಯಾರ್ಥಿಗಳು ಕಪಾಟಿನ ಹತ್ತಿರ ಹೋಗಿ ಪುಸ್ತಕ ತೆಗೆಯಬಹುದಾ, ಕಿಟಕಿಯಲ್ಲಿ ಚೀಟಿ ಕೊಡಬೇಕಾ? ಕಿರು ಸಂಶೋಧನೆ ಅಥವಾ ಕ್ಷೇತ್ರಕಾರ್ಯ ಮಾಡಿಸ್ತಾರಾ, ಮಾಡಿಸಿದ್ದರೆ ಹಳೆಯ ವರದಿ ಒಂದು ತೋರಿಸ್ತಾರಾ? ಆ ವರದಿ ತೆರೆದು ಲೆಕ್ಕದ ಹಾಳೆಯವರು ಹೇಳಿದ್ದನ್ನ ಹುಡುಕಿ: ಎಷ್ಟು ಮನೆ, ಹೇಗೆ ಆರಿಸಿದರು, ಪ್ರಶ್ನಾವಳಿ ಲಗತ್ತಿಸಿದ್ದಾರಾ. ಕಟ್ಟಡಕ್ಕಿಂತ ಆ ವರದಿಯೇ ಕಾಲೇಜಿನ ಗುಟ್ಟು ಹೇಳುತ್ತೆ. ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೂಲ ಪ್ರತಿ ಜೊತೆಗಿರಲಿ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ವಿದ್ಯಾರ್ಥಿವೇತನದ ಅರ್ಜಿ ಅಲ್ಲೇ ನಿಲ್ಲುತ್ತೆ, ನಾಡಕಚೇರಿಯಲ್ಲಿ ಈಗಲೇ ಹೊಸದು ಮಾಡಿಸಿಕೊಳ್ಳಿ.